ಮಗುವಿಗೆ ಯಾವ ಸ್ಕೌಟ್ ದಳ?

ಶಾಲೆಗಳು ಪುನರಾರಂಭಗೊಳ್ಳುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳ ಪೋಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಮಗನನ್ನು ಶಾಲೆಯ ಸ್ಕೌಟ್ ದಳಕ್ಕೆ ಸೇರಿಸಬೇಕೋ, ಊರಿನ ಮುಕ್ತ ದಳಕ್ಕೋ? ಅದರ ಬೆನ್ನಿಗೇ, ಆ ದಳದಲ್ಲಿ ಎಷ್ಟು ಮಂದಿಗೆ ರಾಜ್ಯ ಪುರಸ್ಕಾರ ದೊರೆತಿದೆ, ಪ್ರಮಾಣಪತ್ರದಿಂದ ಮುಂದೆ ಏನು ಪ್ರಯೋಜನ ಎಂಬ ವಿಚಾರಣೆಯೂ ಬರುತ್ತದೆ. ಈ ವಿಚಾರಣೆ ತಪ್ಪಲ್ಲ. ಆದರೆ ಅದು ಮೊದಲು ಬರಬಾರದು.

ಬೇಡನ್ ಪೊವೆಲ್‌ರವರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಅಲ್ಲಿದ್ದ ಬಾಲಕರು ಇಪ್ಪತ್ತರಷ್ಟು ಮಾತ್ರ. ಸಿರಿವಂತರ ಶಾಲೆಯವರೂ ದುಡಿಯುವವರ ಮನೆಯವರೂ ಅದರಲ್ಲಿದ್ದರು. ಅವರನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡದ ಹೊಣೆಯನ್ನು ಒಬ್ಬ ಬಾಲಕನಿಗೇ ವಹಿಸಲಾಯಿತು. ಪ್ಯಾಟ್ರೋಲ್ ಪದ್ಧತಿ ಎನಿಸಿಕೊಂಡ ಇದೇ ಸ್ಕೌಟಿಂಗಿನ ಜೀವಾಳ. ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡದು ಕಸಿದುಕೊಳ್ಳಬಾರದೆಂದು ಜಗದ್ಗುರು ಹನ್ನೊಂದನೇ ಪಿಯೂಸ್‌ರವರು 1931ರಲ್ಲಿ ರಾಜ್ಯ ಮತ್ತು ಸಮಾಜವನ್ನು ಕುರಿತು ಬೋಧಿಸಿದರು. ಅದೇ ತತ್ತ್ವ ಆರೆಂಟು ಮಕ್ಕಳ ಗುಂಪಿಗೂ ಸಲ್ಲುತ್ತದೆ. ಆದ್ದರಿಂದ ದಳದ ಸಭೆ ನಡೆಯುವಾಗ ಒಮ್ಮೆ ಹೋಗಿ ನೋಡಿರಿ. ಗಂಟು ಕಟ್ಟುವುದನ್ನು ಕಿರಿಯನಿಗೆ ಹಿರಿಯ ಬಾಲಕ ಕಲಿಸುತ್ತಿದ್ದಾನೆಯೇ? ಶಿಬಿರದ ಅಡುಗೆಯನ್ನು ಹುಡುಗರೇ ಮಾಡುತ್ತಾರೆಯೇ? ಅನ್ನ ಸೀದರೂ ಸರಿ, ಅವರೇ ಮಾಡಲಿ. ಸ್ವಾತಂತ್ರ್ಯೋತ್ಸವದಂದು ಮಾತ್ರ ಸ್ಕಾರ್ಫ್ ಕಟ್ಟಿ, ಗಣ್ಯರ ಸ್ವಾಗತಕ್ಕೆ ಸಾಲುಗಟ್ಟಿ ನಿಲ್ಲುವ ದಳಗಳು ನಮ್ಮ ಶಾಲೆಗಳಲ್ಲಿಯೂ ಇಲ್ಲದಿಲ್ಲ.

ಅನ್ಯಧರ್ಮೀಯ ಮಕ್ಕಳೊಡನೆ ಬೆರೆತರೆ ವಿಶ್ವಾಸ ಸಡಿಲವಾದೀತೆಂದು ಕೆಲವರು ಅಳುಕುತ್ತಾರೆ. ಈ ಅಳುಕಿಗೆ ಆಧಾರವಿಲ್ಲ. ಸ್ಕೌಟ್ ಪ್ರತಿಜ್ಞೆ ಆರಂಭವಾಗುವುದೇ ದೇವರಿಗೆ ಸಲ್ಲಿಸಬೇಕಾದ ಕರ್ತವ್ಯದಿಂದ. ಕಥೋಲಿಕನಲ್ಲದ ಬೇಡನ್ ಪೊವೆಲ್‌ರ ಪದ್ಧತಿಯನ್ನು ಸ್ವೀಕರಿಸಿ, 1920ರಲ್ಲಿ ಫ್ರಾನ್ಸಿನ ಕಥೋಲಿಕ ಸ್ಕೌಟ್ ಸಂಘಟನೆಯನ್ನು ಕಟ್ಟಿದವರಲ್ಲಿ ಯೇಸುಸಭೆಯ ಗುರು ಜಾಕ್ ಸೆವೆನ್‌ರವರು ಪ್ರಮುಖರು. ಆದರೆ ಭಾನುವಾರದ ಶಿಬಿರದಲ್ಲಿ ಬಲಿಪೂಜೆಗೆ ಅವಕಾಶವಿದೆಯೇ ಎಂದು ಸ್ಕೌಟ್ ಮಾಸ್ಟರರನ್ನು ಸೇರ್ಪಡೆಗೆ ಮುಂಚೆಯೇ ಕೇಳಿರಿ. ಶಿಬಿರದ ಹಿಂದಿನ ದಿನ ಕೇಳಿ ಮಗುವನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿರಿ.

ಎಲ್ಲಕ್ಕಿಂತ ಮಿಗಿಲಾದ ವಿಚಾರ ಮಗುವಿನ ಸುರಕ್ಷತೆ. ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ, ಜೊತೆಯಲ್ಲಿ ಎಷ್ಟು ಮಂದಿ ಹಿರಿಯರಿರುತ್ತಾರೆ, ಮಗುವು ಒಬ್ಬನೇ ವಯಸ್ಕನೊಡನೆ ಏಕಾಂತದಲ್ಲಿ ಉಳಿಯದಂತೆ ಏನು ಏರ್ಪಾಡು, ಗೈಡ್ಸ್ ಹುಡುಗಿಯರೊಡನೆ ಶಿಕ್ಷಕಿಯರಿರುತ್ತಾರೆಯೇ, ಇವನ್ನೆಲ್ಲ ಸಂಕೋಚವಿಲ್ಲದೆ ವಿಚಾರಿಸಿರಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ ಯಾವ ಸಂಸ್ಥೆಗೂ ವಿನಾಯಿತಿ ನೀಡಿಲ್ಲ. ಇದು ಗುರುಗಳ ಆಡಳಿತದ ಶಾಲೆ, ಕೇಳಿದರೆ ಏನೆಂದುಕೊಂಡಾರು ಎಂದು ನಮ್ಮ ಜನ ಸುಮ್ಮನಾಗುವುದುಂಟು. ಕೇಳಿರಿ. ಉತ್ತರಿಸಲು ಮುನಿಸಿಕೊಳ್ಳುವ ದಳಕ್ಕೆ ಎಷ್ಟೇ ಪುರಸ್ಕಾರಗಳು ಬಂದಿರಲಿ, ಮಗುವನ್ನು ಅಲ್ಲಿಗೆ ಕಳುಹಿಸುವುದು ಬೇಡ.