ಸೋತ ತಂಡಕ್ಕೂ ಮರುಪ್ರವೇಶವಿರಲಿ

ಕನ್ನಡದ 'ಆಡು' ಎಂಬ ಧಾತುವು ವಿಚಾರಾರ್ಹವಾದುದು. 'ಓಡು' ಎಂದರೆ ಒಂದು ದಿಕ್ಕಿಗೆ ಓಡುವುದು. 'ಓಡಾಡು' ಎಂದರೆ ಅತ್ತಿಂದಿತ್ತ ಮರಳಿ ಮರಳಿ ಸಂಚರಿಸುವುದು. ತಿರುಗಾಡು, ಹೊಡೆದಾಡು, ಕಾದಾಡು ಮುಂತಾದ ರೂಪಗಳಲ್ಲೆಲ್ಲ ಪುನರಾವೃತ್ತಿಯ ಅಥವಾ ಪರಸ್ಪರತೆಯ ಅರ್ಥವು ಬೆರೆತಿರುವುದು. 'ಆಟ'ವೆಂಬ ಶಬ್ದವೂ ಇದೇ ಧಾತುವಿನಿಂದ ಹುಟ್ಟಿದುದು. ಒಮ್ಮೆ ಮಾಡಿ ಮುಗಿಸಿಬಿಡುವ ಕಾರ್ಯವು ಆಟವೆನಿಸದು. ಮರಳಿ ಆಡಿದರೇನೇ ಅದು ಆಟ. ಈ ವ್ಯಾಕರಣದ ಮಾತನ್ನು ಕ್ರೀಡಾಂಗಣಕ್ಕೆ ಎಳೆದು ತರಲು ಕಾರಣವಿದೆ.

ನಮ್ಮ ಶಾಲೆಗಳ ಕಬಡ್ಡಿ ಪಂದ್ಯಾವಳಿಗಳು ಸಾಮಾನ್ಯವಾಗಿ ನಾಕೌಟ್ ಪದ್ಧತಿಯಲ್ಲಿ ನಡೆಯುವುವು. ಹೋಬಳಿಯಲ್ಲಿ ಗೆದ್ದ ತಂಡವು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದುದು ಜಿಲ್ಲೆಗೆ ಹೋಗುವುದು. ಸೋತ ತಂಡವು ಮನೆಗೆ. ಲೆಕ್ಕವನ್ನು ನೋಡಿರಿ. 16 ತಂಡಗಳು ಬಂದರೆ 15 ಪಂದ್ಯಗಳಲ್ಲಿ ಎಲ್ಲವೂ ಮುಗಿಯುವುದು. ಅವುಗಳಲ್ಲಿ 8 ತಂಡಗಳು ಒಂದೇ ಪಂದ್ಯವನ್ನಾಡಿ ಹಿಂದಿರುಗುವುವು. 12 ಮಂದಿಯ ತಂಡದಲ್ಲಿ ಅಂಕಣಕ್ಕಿಳಿಯುವವರು 7 ಮಂದಿ. ಒಂದೇ ಪಂದ್ಯವೆಂದಾಗ ಉಳಿದ ಐವರನ್ನು ಇಳಿಸಲು ಯಾವ ಶಿಕ್ಷಕನಿಗೆ ಧೈರ್ಯ ಬಂದೀತು? ವರ್ಷವಿಡೀ ಬೆಳಗಿನ ಚಳಿಯಲ್ಲಿ ಅಭ್ಯಾಸ ಮಾಡಿದ ಬಾಲಕನು ಸಮವಸ್ತ್ರ ಧರಿಸಿ, ಗೆರೆಯಾಚೆ ಕುಳಿತು, ಹಾಗೆಯೇ ಊರಿಗೆ ಮರಳುವನು. ಒಂದು ಮಧ್ಯಾಹ್ನದ ಸೋಲಿಗೆ ಒಂದು ವರ್ಷದ ಶಿಕ್ಷೆ ನ್ಯಾಯವೇ?

ವಿಚಿತ್ರವೆಂದರೆ, ಈ ಪದ್ಧತಿಯು ಕಬಡ್ಡಿಯ ಸ್ವಧರ್ಮಕ್ಕೇ ವಿರುದ್ಧವಾದುದು. ಕಬಡ್ಡಿಯಲ್ಲಿ ಔಟಾದವನು ಶಾಶ್ವತವಾಗಿ ಹೊರಗುಳಿಯುವುದಿಲ್ಲ. ಅವನ ತಂಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ, ಹೊರಗಿದ್ದವರಲ್ಲೊಬ್ಬನು ಸರದಿಯಂತೆ ಜೀವ ಪಡೆದು ಒಳಗೆ ಬರುವನು. ಏಳು ಮಂದಿಯೂ ಔಟಾಗಿ ಲೋನಾ ಆದರೂ, ಎದುರಾಳಿಗೆ ಎರಡು ಹೆಚ್ಚಿನ ಅಂಕಗಳು ಸಲ್ಲುವುವೇ ಹೊರತು ಆಟ ನಿಲ್ಲದು. ಏಳು ಮಂದಿಯೂ ಪುನಃ ಅಂಕಣಕ್ಕಿಳಿಯುವರು. ಆಟಗಾರನಿಗೆ ಇರುವ ಈ ಪುನರ್ಜನ್ಮದ ಹಕ್ಕು ತಂಡಕ್ಕೇಕಿಲ್ಲ?

ದೊಡ್ಡವರ ಕಬಡ್ಡಿಯಲ್ಲಿ ಆ ಹಕ್ಕುಂಟು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯು ಲೀಗ್ ಪದ್ಧತಿಯದು. ಬೆಂಗಳೂರು ಬುಲ್ಸ್ ತಂಡವು 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ್ ತಂಡವನ್ನು 38-33 ಅಂಕಗಳಿಂದ ಮಣಿಸಿ ಆರನೆಯ ಆವೃತ್ತಿಯ ಪ್ರಶಸ್ತಿಯನ್ನು ಗೆದ್ದಿತು. ಅದೇ ಆವೃತ್ತಿಯಲ್ಲಿ ಆ ತಂಡವು ಹಲವು ಪಂದ್ಯಗಳನ್ನು ಸೋತಿತ್ತು. ಮೊದಲ ಸೋಲಿಗೇ ಮನೆಗೆ ಕಳುಹಿಸಿದ್ದರೆ ಕಿರೀಟವು ಬೆಂಗಳೂರಿಗೆ ಬರುತ್ತಿತ್ತೆ? ಆ ಲೀಗಿನ ಹಲವು ಆವೃತ್ತಿಗಳಲ್ಲಿ, 7 ಅಥವಾ ಅದಕ್ಕಿಂತ ಕಡಿಮೆ ಅಂಕಗಳ ಅಂತರದಿಂದ ಸೋತ ತಂಡಕ್ಕೂ ಪಟ್ಟಿಯಲ್ಲಿ ಒಂದು ಅಂಕ ದೊರೆಯುತ್ತಿದ್ದಿತು. ಕಡೆಯ ಕ್ಷಣದವರೆಗೂ ಕೈಚೆಲ್ಲದೆ ಕಾದಾಡಿದವನಿಗೆ ಸಲ್ಲುವ ಮರ್ಯಾದೆಯದು.

ಇಂಗ್ಲೆಂಡಿನ ರಗ್ಬಿ ಲೀಗ್ ಎಂಬ ಆಟವೂ ಇಲ್ಲಿ ಸ್ಮರಣೀಯ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಗಿರಣಿಯ ಊರಿನಲ್ಲಿ ಉತ್ತರ ಪ್ರಾಂತದ ಸಂಘಗಳು ಸಭೆ ಸೇರಿ, ಹಳೆಯ ರಗ್ಬಿ ಒಕ್ಕೂಟದಿಂದ ಬೇರ್ಪಟ್ಟುವು. ಆಟಕ್ಕಾಗಿ ಕೂಲಿಯನ್ನು ಕಳೆದುಕೊಳ್ಳುವ ಗಿರಣಿಯ ಹಾಗೂ ಗಣಿಯ ಕಾರ್ಮಿಕರಿಗೆ ಆ ನಷ್ಟವನ್ನು ತುಂಬಿಕೊಡಬೇಕೆಂಬುದೇ ವಿವಾದದ ಮೂಲ. ಈ ಆಟದಲ್ಲಿ ಹಿಡಿತಕ್ಕೆ ಸಿಕ್ಕಿ ನೆಲಕ್ಕುರುಳಿದವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ, ಆಟವನ್ನು ಮುಂದುವರಿಸುವನು. ದುಡಿಯುವ ಜನರ ಊರುಗಳಲ್ಲಿ ಬೆಳೆದ ಆಟಕ್ಕೆ, ಬಿದ್ದವನು ಏಳಬೇಕೆಂಬ ಈ ನಿಯಮವು ಎಷ್ಟು ಸಹಜವಾಗಿ ಒಪ್ಪುವುದು! ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳು ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಓದುತ್ತಿದ್ದಾರೆ. ಬೂಟನ್ನೂ ದಾಂಡನ್ನೂ ಬೇಡದ ಕಬಡ್ಡಿಯು ಅವರಿಗೆ ಕೈಗೆಟುಕುವ ಆಟ.

ಆದುದರಿಂದ ನನ್ನ ಸಲಹೆಯಿಷ್ಟು. ಆನೇಕಲ್ ತಾಲ್ಲೂಕಿಗೆ ಕಸಬಾ, ಅತ್ತಿಬೆಲೆ, ಜಿಗಣಿ, ಸರ್ಜಾಪುರ ಎಂಬ ನಾಲ್ಕು ಹೋಬಳಿಗಳಿವೆ. ಮೊದಲ ಪ್ರಯೋಗಕ್ಕೆ ಹೋಬಳಿಗೆರಡರಂತೆ 8 ಶಾಲೆಗಳು ಸೇರಲಿ. ಪ್ರತಿಯೊಂದು ತಂಡವೂ ಉಳಿದ ಏಳನ್ನು ಎದುರಿಸಿದರೆ ಒಟ್ಟು 28 ಪಂದ್ಯಗಳಾಗುವುವು. ಶನಿವಾರಕ್ಕೆ ನಾಲ್ಕರಂತೆ ಏಳು ಶನಿವಾರಗಳು ಸಾಕು. ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿ, ನಡುವೆ ಐದು ನಿಮಿಷದ ವಿರಾಮ. ಎರಡು ಅಂಕಣಗಳಿದ್ದರೆ ನಾಲ್ಕು ಪಂದ್ಯಗಳೂ ಎರಡು ಗಂಟೆಗಳೊಳಗೆ ಮುಗಿದಾವು. ಪ್ರತಿ ತಂಡದ ಹನ್ನೆರಡು ಮಂದಿಯೂ ಅಂಕಣಕ್ಕಿಳಿಯಲೇಬೇಕೆಂಬ ನಿಯಮವೊಂದಿರಲಿ. ಬಾಲಕಿಯರಿಗೂ ಇದೇ ವ್ಯವಸ್ಥೆ ಪ್ರತ್ಯೇಕವಾಗಿ ಆಗಲಿ. ಬೆಂಗಳೂರಿನ ತೇಜಸ್ವಿನಿ ಬಾಯಿ, ಕಾರ್ಕಳದ ಕಡೆಯ ಮಮತಾ ಪೂಜಾರಿ ಇವರಿಬ್ಬರೂ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕವನ್ನೂ ಅರ್ಜುನ ಪ್ರಶಸ್ತಿಯನ್ನೂ ಪಡೆದ ನಮ್ಮ ನಾಡಿನ ಹೆಣ್ಣುಮಕ್ಕಳೆಂಬುದನ್ನು ಮರೆಯಲಾಗದು.

ಪರೀಕ್ಷೆಗೆ ತೊಂದರೆಯಾದೀತೆಂದು ತಂದೆತಾಯಿಗಳು ಶಂಕಿಸಬಹುದು. ದಸರಾ ರಜೆಯ ಬಳಿಕ ತೊಡಗಿದರೆ ವರ್ಷಾಂತ್ಯದೊಳಗೆ ಎಲ್ಲವೂ ಮುಗಿಯುವುದು. ಶನಿವಾರದ ಶಾಲೆಯಂತೂ ಅರ್ಧ ದಿನದ್ದು. ಪಾರಿತೋಷಕದ ವೆಚ್ಚವನ್ನು ತಗ್ಗಿಸಿ, ಆ ಹಣವನ್ನು ಮಕ್ಕಳ ಬಸ್ಸಿಗೂ ಉಪಾಹಾರಕ್ಕೂ ವಿನಿಯೋಗಿಸಬಹುದು. ಮೈದಾನವೆಲ್ಲಿ ಎಂಬ ಪ್ರಶ್ನೆಯೊಂದೇ ನಿಜವಾಗಿ ಕಠಿನವಾದುದು. ಬಯಲುಗಳು ಬಡಾವಣೆಗಳಾಗುತ್ತಿರುವ ಈ ಸೀಮೆಯಲ್ಲಿ, 13 ಮೀಟರ್ ಉದ್ದ 10 ಮೀಟರ್ ಅಗಲದ ಅಂಕಣವೊಂದನ್ನು ಪ್ರತಿ ಶಾಲೆಯೂ ಕಾಪಾಡಿಕೊಳ್ಳಬೇಕು. ವಾರವಾರವೂ ಪಂದ್ಯ ನಡೆಯುವ ಮೈದಾನವನ್ನು ಕಬಳಿಸುವುದು ಯಾರಿಗೂ ಸುಲಭವಲ್ಲ; ವರ್ಷಕ್ಕೊಮ್ಮೆ ಬಳಕೆಯಾಗುವುದೇ ಖಾಲಿ ನಿವೇಶನದಂತೆ ಕಾಣುವುದು.

2018ರಲ್ಲಿ ಜಕಾರ್ತದಲ್ಲಿ ನಮ್ಮ ಪುರುಷರೂ ಮಹಿಳೆಯರೂ ಕಬಡ್ಡಿಯ ಸ್ವರ್ಣವನ್ನು ಕಳೆದುಕೊಂಡರು. 2023ರಲ್ಲಿ ಹಾಂಗ್‌ಝೌನಲ್ಲಿ ಎರಡನ್ನೂ ಮರಳಿ ಪಡೆದರು. ಸೋಲನ್ನು ಪಾಠವಾಗಿಸುವುದು ಮುಂದಿನ ಪಂದ್ಯವೇ. ಅದನ್ನು ಮಕ್ಕಳಿಗೆ ಒದಗಿಸದೆ, ಸೋಲು ಗೆಲುವುಗಳನ್ನು ಸಮನಾಗಿ ಕಾಣಿರೆಂದು ಬಹುಮಾನ ವಿತರಣೆಯ ವೇದಿಕೆಯಿಂದ ಬೋಧಿಸಿದರೆ ಫಲವೇನು? ತಾಲ್ಲೂಕಿನ ಶಾಲೆಗಳ ಆಡಳಿತ ಮಂಡಲಿಗಳೂ ದೈಹಿಕ ಶಿಕ್ಷಕರೂ ಈ ವಿಷಯದಲ್ಲಿ ಮನಸ್ಸು ಮಾಡಲೆಂದು ಪ್ರಾರ್ಥಿಸುತ್ತೇನೆ.