ಸೀಸೆಯೊಳಗಿನ ಸಂಧಿಕಾರ್ಯ

ವ್ಯಾಕರಣವನ್ನು ಬೋಧಿಸುತ್ತ ತಲೆ ನರೆಸಿಕೊಂಡ ನನ್ನಂಥವನು ಔಷಧದ ವಿಷಯವಾಗಿ ಲೇಖನಿ ಹಿಡಿದುದನ್ನು ಕಂಡು ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ಅಚ್ಚರಿಪಟ್ಟಾರು. ಕಾರಣವಿಲ್ಲದೆ ಈ ಸಾಹಸಕ್ಕೆ ಕೈಯಿಕ್ಕಿದವನಲ್ಲ. ಎರಡು ವರ್ಷಗಳ ಹಿಂದೆ ನನ್ನ ತಂಗಿಗೆ ಸ್ತನದ ಅರ್ಬುದರೋಗ ತಗುಲಿ, ವೈದ್ಯರು ಟ್ರಾಸ್ಟುಜುಮಾಬ್ ಎಂಬ ಔಷಧವನ್ನು ವಿಧಿಸಿದರು. ಅದನ್ನು ಬೆಂಗಳೂರಿನಿಂದ ಮಂಜಿನ ಪೆಟ್ಟಿಗೆಯಲ್ಲಿರಿಸಿಕೊಂಡು, ಕುರೆಕುಪ್ಪದ ಬೇಸಗೆಯನ್ನು ನೆನೆನೆನೆದು, ಇರುಳಿಡೀ ನಿದ್ದೆಗೆಟ್ಟು ರೈಲಿನಲ್ಲಿ ತಂದವನು ನಾನೇ. ಮರುದಿನ ಆಸ್ಪತ್ರೆಯೊಂದರಲ್ಲಿ ಸಹಾಯಕನೊಬ್ಬನು ಅದನ್ನು ಗ್ಲೂಕೋಸ್ ಬಾಟಲಿಗೆ ಬೆರೆಸಲು ಕೈಚಾಚಿದಾಗ ದಾದಿಯೊಬ್ಬರು ಓಡಿಬಂದು, "ಬ್ಯಾಡಪಾ, ಇದಕ್ಕ ಸಲೈನೇ ಆಗಬೇಕು" ಎಂದು ತಡೆದರು. ಬಲ ಬರಲೆಂದು ಗ್ಲೂಕೋಸ್ ಹಾಕಿಸಿಕೊಳ್ಳುವ ಜನ ನಾವು. ಅದೇ ಈ ಔಷಧವನ್ನು ಕೆಡಿಸುವುದೆಂದು ನಾನೇನು ಬಲ್ಲೆ! ಸೀಸೆಯೊಡನಿದ್ದ ಹಾಳೆಯಲ್ಲಿ ಆ ಮಾತು ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆಕಾಳಿನಂಥ ಅಕ್ಷರಗಳಲ್ಲಿ.

ಕೆಡುವುದೆಂದರೇನು? ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿ ತಿಳಿದುಕೊಂಡೆ. ಈ ಔಷಧವು ಪ್ರತಿಕಾಯವೆಂಬ ಪ್ರೋಟೀನು. ಅದರ ಅಣುಭಾರ ಸುಮಾರು 1,50,000; ಅಂದರೆ ನೀರಿನ ಅಣುವಿನ ಎಂಟು ಸಾವಿರ ಪಟ್ಟಿಗಿಂತಲೂ ಹೆಚ್ಚು. ಅದರ ಮೈಮೇಲೆ ವಿದ್ಯುದಂಶವುಳ್ಳ ಎಡೆಗಳೂ ನೀರನ್ನೊಲ್ಲದ ಎಡೆಗಳೂ ಇವೆ. ಸಮಾನ ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ. ನೀರನ್ನೊಲ್ಲದ ಎಡೆಗಳು ಒಂದಕ್ಕೊಂದು ಅಂಟಲೆಳಸುತ್ತವೆ. ದ್ರಾವಣದ ಆಮ್ಲತೆ, ಉಪ್ಪು, ಸಕ್ಕರೆಗಳು ಬದಲಾದರೆ ಈ ಎಳೆತ ದೂಡುವಿಕೆಗಳ ಸಮತೂಕವೂ ಬದಲಾಗುತ್ತದೆ. ಅಣುಗಳು ಅಂಟಿ ಮುದ್ದೆಗಟ್ಟಿದರೆ ಮದ್ದಿನ ಗುಣ ಕುಂದುವುದಲ್ಲದೆ, ದೇಹವು ಆ ಮುದ್ದೆಯನ್ನು ಶತ್ರುವೆಂದೆಣಿಸಿ ಮದ್ದಿನ ಮೇಲೆಯೇ ತಿರುಗಿಬೀಳುವ ಅಪಾಯವುಂಟು.

ಇದನ್ನು ಕೇಳಿದಾಗ ನನಗೆ ಹೊಳೆದುದು ಸಂಧಿಪ್ರಕರಣ. ಎರಡು ಸ್ವರಗಳು ಎಡೆಬಿಡದೆ ಸೇರಿದಲ್ಲಿ ಲೋಪವೋ ಆಗಮವೋ ತಪ್ಪದು. ಆದರೆ "ಅಣ್ಣಾ ಇತ್ತ ಬಾ" ಎಂಬಲ್ಲಿ ಸ್ವರಗಳು ಮಗ್ಗುಲಲ್ಲೇ ಇದ್ದರೂ ಬೆಸೆದುಕೊಳ್ಳುವುದಿಲ್ಲ, ಅದು ಪ್ರಕೃತಿಭಾವ. ಔಷಧವನ್ನು ಹದಗೊಳಿಸುವವರು ಬಯಸುವುದೂ ಇದನ್ನೇ. ಚರ್ಮದಡಿ ಚುಚ್ಚುವ ಮದ್ದುಗಳಲ್ಲಂತೂ ಒಂದು ಮಿಲಿಲೀಟರಿಗೆ ನೂರು ಮಿಲಿಗ್ರಾಮನ್ನೂ ಮೀರಿ ಪ್ರೋಟೀನು ಇರುವುದುಂಟು. ಆ ಇಕ್ಕಟ್ಟಿನಲ್ಲಿ ಎಳೆತ ಹೆಚ್ಚಿದರೆ ದ್ರಾವಣ ಪಾಕದಂತೆ ಮಂದವಾಗಿ ಸೂಜಿಯಲ್ಲಿ ಇಳಿಯಲೊಲ್ಲದು.

ಕಣ್ಣಿಗೆ ಕಾಣದ ಈ ಸ್ನೇಹದ್ವೇಷಗಳನ್ನು ಅಳೆಯುವ ಬಗೆ ನಿಜಕ್ಕೂ ಸೊಗಸಾದುದು. ದ್ರಾವಣದೊಳಗೆ ಲೇಸರ್ ಕಿರಣವನ್ನು ಹಾಯಿಸಿ, ಪಕ್ಕಕ್ಕೆ ಚದರುವ ಬೆಳಕನ್ನು ಅಳೆಯುತ್ತಾರೆ. ಪ್ರೋಟೀನನ್ನು ಇಮ್ಮಡಿಸಿದಾಗ ಚದರಿದ ಬೆಳಕೂ ಸರಿಯಾಗಿ ಇಮ್ಮಡಿಯಾದರೆ ಅಣುಗಳು ಪರಸ್ಪರ ಉದಾಸೀನ, ಅದಕ್ಕಿಂತ ಕಡಿಮೆಯಾದರೆ ದೂಡುವಿಕೆ, ಹೆಚ್ಚಾದರೆ ಎಳೆತ. ಇದನ್ನು ಎರಡನೆಯ ವಿರಿಯಲ್ ಗುಣಾಂಕವೆಂಬ ಅಂಕಿಯಾಗಿ ಹೇಳುತ್ತಾರೆ. ಧನವಾದರೆ ನೆಮ್ಮದಿ, ಋಣವಾದರೆ ಎಚ್ಚರ. ದ್ರವಗಳಲ್ಲಿ ಬೆಳಕು ಚದರುವುದನ್ನು 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ಶೋಧಿಸಿದ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದುದನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಚದರಿದ ಬೆಳಕು ಮದ್ದಿನ ಸೀಸೆಯನ್ನು ಕಾಯುತ್ತದೆಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ತೆಳು ದ್ರಾವಣದಲ್ಲಿ ದೊರೆತ ಅಂಕಿ ದಟ್ಟ ದ್ರಾವಣದ ನಡತೆಯನ್ನು ಯಾವಾಗಲೂ ಸರಿಯಾಗಿ ಮುನ್ಸೂಚಿಸದು. ಆದ್ದರಿಂದ ಸೀಸೆಗಳನ್ನು ತಿಂಗಳುಗಟ್ಟಲೆ ಇರಿಸಿ ನೋಡುವ ಪರೀಕ್ಷೆ ತಪ್ಪದು.

ನಮ್ಮಲ್ಲಿ ತಯಾರಾದುದೆಂದರೆ ಅಗ್ಗದ ನಕಲೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಅಮೆರಿಕದಲ್ಲಿ 1998ರಲ್ಲಿ ಮನ್ನಣೆ ಪಡೆದ ಟ್ರಾಸ್ಟುಜುಮಾಬಿಗೆ ಸಾಟಿಯಾದ ಮದ್ದನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ನಮ್ಮ ದೇಶದ ಪೇಟೆಗೆ ತಂದಿತು. ಮೈಲಾನ್ ಸಂಸ್ಥೆಯೊಡಗೂಡಿ ಸಿದ್ಧಪಡಿಸಿದ ಆ ಔಷಧಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿಯೂ ದೊರೆಯಿತು. ಇಂಥ ಅನುಮತಿ ದೊರೆಯುವುದು ದೇಶಾಭಿಮಾನದ ಭಾಷಣದಿಂದಲ್ಲ. ಮುದ್ದೆಗಟ್ಟಿದ ಪ್ರಮಾಣವೂ ಸೇರಿದಂತೆ ಮೂಲಕ್ಕೂ ಸಾಟಿಗೂ ನಡುವಣ ಹೋಲಿಕೆಯನ್ನು ಅಳೆದು ತೋರಿಸಿದುದರಿಂದ.

ಆದರೆ ಅಷ್ಟು ಜತನದಿಂದ ಅಳೆದ ಮದ್ದು ಕೊನೆಯ ಹತ್ತು ಮಾರಿನಲ್ಲಿ ಅಜ್ಞಾನದಿಂದ ಕೆಡಬಹುದಾದರೆ ಅದರ ಹೊಣೆ ವಿಜ್ಞಾನಿಗಳಷ್ಟೇ ಕನ್ನಡ ಬಲ್ಲ ನಮ್ಮ ಮೇಲೂ ಇದೆಯೆಂಬುದು ನನ್ನ ಅಭಿಪ್ರಾಯ. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಡಿ, ಹೆಪ್ಪುಗಟ್ಟಿಸಬೇಡಿ, ಕುಲುಕಬೇಡಿ, ಗ್ಲೂಕೋಸಿನಲ್ಲಿ ಬೆರೆಸಬೇಡಿ: ಈ ನಾಲ್ಕು ಮಾತು ಕನ್ನಡದಲ್ಲಿ, ಓದಬಲ್ಲ ಅಕ್ಷರದಲ್ಲಿ, ಪ್ರತಿ ಪೆಟ್ಟಿಗೆಯೊಳಗೆ ಇರಬೇಕು. ಪರಿಭಾಷೆಯ ಕೊರತೆಯೆಂಬ ನೆವ ಬೇಡ. ಅಣುಗಳು ಅಂಟಿಕೊಳ್ಳುವುದಕ್ಕೆ "ಸಮುಚ್ಚಯನ" ಎಂದು ನಾನೇ ಮೊದಲು ಬರೆದುಕೊಟ್ಟಿದ್ದೆ. ನಮ್ಮ ವಿದ್ಯಾರ್ಥಿ ನಕ್ಕನು. "ಹೆಪ್ಪುಗಟ್ಟು" ಎಂದರೆ ಜನ ಮಂಜುಗಡ್ಡೆಯನ್ನೋ ಮೊಸರನ್ನೋ ನೆನೆಯುತ್ತಾರೆ. ಕೊನೆಗೆ ಮುದ್ದೆಗಟ್ಟುವುದೆಂದೇ ಇರಿಸಿದೆವು. ಆ ನಾಲ್ಕು ಮಾತುಗಳ ಹಾಳೆಯನ್ನು ಅವನೂ ನಾನೂ ಕೂಡಿ ಬರೆದಿದ್ದೇವೆ; ಮುದ್ರಣದ ವೆಚ್ಚವನ್ನು ದಾನಿಗಳಲ್ಲಿ ಯಾರಾದರೂ ವಹಿಸಿಕೊಂಡರೆ ಮೊದಲ ಕಟ್ಟನ್ನು ಆ ದಾದಿಯ ಕೈಗೆ ನಾನೇ ಒಯ್ದು ಕೊಡುತ್ತೇನೆ.