‘ಗಟ್ಟಿ ಜನ’ ಎಂಬ ಸುಳ್ಳು



‘ಅವರಿಗೇನೂ ಆಗಲ್ಲ ಬಿಡಿ ಸಾರ್, ಗಟ್ಟಿ ಜನ.’ ಹಳೇ ಕಟ್ಟಡ ಕೆಡವುವ ಯಾವ ಜಾಗಕ್ಕಾದರೂ ಹೋಗಿ ಅರ್ಧ ಗಂಟೆ ನಿಂತುಕೊಳ್ಳಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಹೇಳುವವನು ಕಂಟ್ರಾಕ್ಟರನಾಗಿರಬಹುದು, ಮನೆ ಯಜಮಾನನಾಗಿರಬಹುದು, ಬಿಳೀ ಹೆಲ್ಮೆಟ್ಟಿನ ಇಂಜಿನಿಯರೂ ಆಗಿರಬಹುದು. ಹೇಳಿಸಿಕೊಳ್ಳುವವನು ಮಾತ್ರ ನಮ್ಮವನು. ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಒಂದು ಟವೆಲ್ಲು, ಕೈಯಲ್ಲಿ 17-18 ಕೆ.ಜಿ. ತೂಕದ ಕರೆಂಟಿನ ಬ್ರೇಕರ್ ಮಿಷನ್ನು.

ಇದು ಹೊಗಳಿಕೆ ಅಂತ ನಮ್ಮ ಹುಡುಗರು ಎದೆ ಉಬ್ಬಿಸುತ್ತಾರೆ. ಇದು ಹೊಗಳಿಕೆಯಲ್ಲ, ಲೆಕ್ಕ. ಗಟ್ಟಿ ಜನ ಅಂದರೆ ಬೂಟು ಕೊಡಬೇಕಾಗಿಲ್ಲ, ಮಾಸ್ಕು ಕೊಡಬೇಕಾಗಿಲ್ಲ, ಧೂಳಿಗೆ ನೀರು ಚಿಮುಕಿಸಲು ಇನ್ನೊಬ್ಬ ಆಳು ಹಾಕಬೇಕಾಗಿಲ್ಲ. ನಮ್ಮ ಅಜ್ಜಿ ತಾತಂದಿರ ತಲೆ ಮೇಲೆ ಊರಿನ ಮಲ ಹೊರಿಸಿದಾಗಲೂ ‘ಅವರಿಗೆ ಅಭ್ಯಾಸ’ ಅಂತಲೇ ಹೇಳಿದ್ದರು. ಬಾಯಿ ಅದೇ, ಮಿಷನ್ನು ಮಾತ್ರ ಹೊಸದು.

ಕಲ್ಲು ಒಡೆಯುವ ಜಾತಿಯ ಹೆಸರನ್ನೇ ಒರಟುತನಕ್ಕೆ ಬೈಗುಳ ಮಾಡಿಕೊಂಡಿರುವ ಸಮಾಜ ಇದು. ‘ವಡ್ಡನ ಥರ ಆಡಬೇಡ’ ಅಂತ ಮಗನಿಗೆ ಬುದ್ಧಿ ಹೇಳುವ ಮೇಷ್ಟ್ರು ಒಂದು ದಿನ ಬಂಡೆ ಮುಂದೆ ಕೂತು ನೋಡಲಿ. ಕಲ್ಲಿನ ಎಳೆ ಯಾವ ಕಡೆ ಓಡಿದೆ, ಚಾಣ ಎಲ್ಲಿಟ್ಟರೆ ಬಿರುಕು ಎಲ್ಲಿ ಹೊರಡುತ್ತೆ ಅಂತ ಭೋವಿ ಜನರಿಗೆ ಗೊತ್ತಿರುವುದು ಯಾವ ಕಾಲೇಜಿನ ವಿದ್ಯೆಗೂ ಕಡಿಮೆಯಲ್ಲ. ಆ ವಿದ್ಯೆಯನ್ನು ಅಪ್ಪ ಮಗನಿಗೆ ಹೇಳಿಕೊಡುತ್ತಿದ್ದ. ಬ್ರೇಕರ್ ವಿಷಯದಲ್ಲಿ ಹೇಳಿಕೊಡುವವರು ಯಾರು? ಮೇಸ್ತ್ರಿ ಬಂದು ಸ್ವಿಚ್ ತೋರಿಸುತ್ತಾನೆ, ‘ಎದೆ ಕೊಟ್ಟು ಒತ್ತೋ’ ಅಂತಾನೆ, ಹೋಗುತ್ತಾನೆ. ಅಲ್ಲಿಗೆ ಪಾಠ ಮುಗಿಯಿತು. ಮಿಷನ್ನಿನ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತೆ. ಅದು ಪೆಟ್ಟಿಗೆ ಜೊತೆಗೇ ಮಾಲೀಕನ ಗೋಡೌನಿನಲ್ಲಿ ಉಳಿಯುತ್ತೆ. ಅಕ್ಷರ ಅವನ ಹತ್ತಿರ, ಅದುರುವ ಮಿಷನ್ನು ನಮ್ಮ ಹತ್ತಿರ. ನಾವು ಬಿ.ಎ. ಮಾಡಿರುವುದು, ನೀವು ಹಾಸ್ಟೆಲ್ಲಿನ ನೀರು ಸಾರು ಕುಡಿದು ಓದುತ್ತಿರುವುದು ಇಂಥ ಪುಸ್ತಕವನ್ನು ಗೋಡೌನಿನಿಂದ ಹೊರಗೆ ತರುವುದಕ್ಕೂ ಹೌದು. ಬೇಸಿಗೆ ರಜದಲ್ಲಿ ಫೀಸಿನ ದುಡ್ಡಿಗಾಗಿ ಈ ಕೆಲಸಕ್ಕೆ ಹೋಗುವವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಆದ್ದರಿಂದ ಇಲ್ಲಿ ಸ್ವಲ್ಪ ಮಿಷನ್ನಿನ ಮಾತೇ ಆಡುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ‘ಎದೆ ಕೊಟ್ಟು ಒತ್ತು’ ಅನ್ನುವ ಮಾತನ್ನು ತೆಗೆದುಕೊಳ್ಳಿ. ಒಳಗಿನ ಮೋಟಾರು ಒಂದು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತೆ. ಪಿಸ್ಟನ್ನು ಉಳಿಗೆ ನೇರವಾಗಿ ಹೊಡೆಯುವುದಿಲ್ಲ. ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ, ಚಿಮ್ಮಿ, ಒಂದು ಉಕ್ಕಿನ ಗುಂಡನ್ನು ಮುಂದಕ್ಕೆ ಎಸೆಯುತ್ತೆ. ಆ ಏಟು ಉಳಿಗೆ ಬೀಳುತ್ತೆ. ನಿಮಿಷಕ್ಕೆ 1,000ದಿಂದ 1,400 ಏಟು. ಏಟಿನ ಬಲ ಹುಟ್ಟುವುದು ಈ ಗಾಳಿಯಿಂದ, ನಮ್ಮ ಎದೆಯಿಂದಲ್ಲ. ಉಳಿ ಕುಣಿಯದ ಹಾಗೆ ನಿಲ್ಲುವಷ್ಟು ಒತ್ತಡ ಸಾಕು, ನೆಲದ ಕೆಲಸದಲ್ಲಿ ಅದಕ್ಕೆ ಮಿಷನ್ನಿನ ತೂಕವೇ ಹೆಚ್ಚುಕಮ್ಮಿ ಸಾಕಾಗುತ್ತೆ. ಅದಕ್ಕಿಂತ ಮೇಲೆ ಹೊಟ್ಟೆ ಕೊಟ್ಟು, ತೊಡೆ ಕೊಟ್ಟು ಒತ್ತಿದರೆ ಕಾಂಕ್ರೀಟಿಗೆ ಒಂದು ಏಟೂ ಜಾಸ್ತಿ ಬೀಳುವುದಿಲ್ಲ. ಅದುರುವುದೆಲ್ಲ ನಮ್ಮ ಮೂಳೆಯೊಳಕ್ಕೆ ಇಳಿಯುತ್ತೆ, ಅಷ್ಟೇ. ಹಿಡಿಯನ್ನು ಕತ್ತು ಹಿಸುಕುವ ಹಾಗೆ ಹಿಡಿಯುವುದೂ ಬೇಡ. ತಪ್ಪಿಸಿಕೊಳ್ಳದಷ್ಟು ಹಿಡಿದರೆ ಸಾಕು, ಆದರೆ ಎರಡು ಕೈಯಲ್ಲೂ.

ಉಳಿಯನ್ನು ನಟ್ಟ ನಡುವೆ ಇಳಿಸಿ ಹೂತುಹಾಕಬೇಡಿ. ಹೂತ ಉಳಿ ಸಿಕ್ಕಿಕೊಳ್ಳುತ್ತೆ, ಆಮೇಲೆ ಮಿಷನ್ನನ್ನೇ ಹಾರೆ ಮಾಡಿಕೊಂಡು ಮೀಟುತ್ತಾರೆ, ಸೊಂಟ ಹಿಡಿಯುವುದು ಅಲ್ಲೇ. ಅಂಚಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಒಡೆದುಕೊಂಡು ಬರಬೇಕು. ಒಡೆದ ತುಂಡಿಗೆ ಬೀಳಲು ಖಾಲಿ ಜಾಗ ಇರಬೇಕು. ಕಲ್ಲಿನ ಕೆಲಸದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ವಿದ್ಯೆಯೇ ಇದು. ಮೊಂಡ ಉಳಿ ಕೊಟ್ಟರೆ ವಾಪಸ್ಸು ಕೊಡಿ, ಚೂಪು ಮಾಡಿಸಿಕೊಡಲಿ. ಮೊಂಡ ಉಳಿಯಲ್ಲಿ ಕೆಲಸ ನಿಧಾನ, ಅದುರುವುದು ಜಾಸ್ತಿ. ಉಳಿ ಬದಲಾಯಿಸುವಾಗ ಪ್ಲಗ್ಗನ್ನೇ ಕಿತ್ತು ಬದಲಾಯಿಸಬೇಕು. ಚಿಲಕ ಬಿದ್ದಮೇಲೆ ಒಂದು ಸಲ ಎಳೆದು ನೋಡಬೇಕು. ಆಗಷ್ಟೇ ತೆಗೆದ ಉಳಿ ಕೆಂಡ ಇದ್ದಂಗೆ, ಬರಿಗೈಯಲ್ಲಿ ಮುಟ್ಟಬಾರದು. ಇಷ್ಟು ತೂಕದ ಮಿಷನ್ನು ನೆಲ ಒಡೆಯುವುದಕ್ಕೆ ಇರುವುದು. ಇದನ್ನು ಹೆಗಲ ಮಟ್ಟಕ್ಕೆ ಎತ್ತಿ ಗೋಡೆಗೆ ಹಿಡಿ, ಏಣಿ ಹತ್ತಿ ಹಿಡಿ ಅನ್ನುವವನ ಕೈಗೇ ಅದನ್ನು ಕೊಟ್ಟು ಕೆಳಗೆ ಇಳಿಯಿರಿ. ಗೋಡೆಗೆ ಚಿಕ್ಕ ಮಿಷನ್ನುಗಳು ಇವೆ, ತಂದುಕೊಡಲಿ.

ಕರೆಂಟಿನ ವಿಷಯಕ್ಕೆ ಬನ್ನಿ. ಪ್ಲಗ್ಗು ಮುರಿದಿದೆ ಅಂತ ಎರಡು ವೈರು ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು ನಮ್ಮ ಸೈಟುಗಳಲ್ಲಿ ಹೊಸದಲ್ಲ. ಮಿಷನ್ನಿನ ಮೇಲಿನ ತಗಡಿನಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ಥ್ ವೈರು ಬೇಕಿಲ್ಲ. ಗುರುತು ಇಲ್ಲದ ಮಿಷನ್ನಿಗೆ ಅರ್ಥ್ ಇರಲೇಬೇಕು, ಮೂರು ಕಡ್ಡಿಯ ಪ್ಲಗ್ಗೇ ಬೇಕು. ಯಾವುದೇ ಆದರೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮೂಲಕವೇ ಕರೆಂಟು ಬರಬೇಕು. ಕರೆಂಟು ದಾರಿ ತಪ್ಪಿ ನಮ್ಮ ಮೈಯೊಳಗೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುವ ಸಾಧನ ಅದು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದ್ದಂಗೇ ಬಿಟ್ಟರೆ ಒಳಗೊಳಗೇ ಕಾದು ರಬ್ಬರು ಕರಗುತ್ತೆ. ಇನ್ನು, ಒಡೆಯುವ ಗೋಡೆ ನೆಲದೊಳಗೆ ಹರಿಯುವ ಲೈನು ಎಲ್ಲಿದೆ, ಗ್ಯಾಸ್ ಪೈಪು ಎಲ್ಲಿದೆ ಅಂತ ತೋರಿಸಿ, ಆಫ್ ಮಾಡಿಸಿಕೊಡಬೇಕಾದವನು ಇಂಜಿನಿಯರು. ನಾವು ಉಳಿಯಿಂದ ಹುಡುಕುವುದಲ್ಲ.

ಯಾವ ಸ್ಲ್ಯಾಬಿನ ಮೇಲೆ ನಿಂತಿದ್ದೀರೋ ಅದನ್ನೇ ಕತ್ತರಿಸಬೇಡಿ. ಮರದ ಕೊಂಬೆಯ ಹಳೇ ಕಥೆ ಎಲ್ಲರಿಗೂ ಗೊತ್ತು. ಆದರೆ ಸೈಟಿನಲ್ಲಿ ಆ ಕೊಂಬೆಯ ಮೇಲೆ ನಿಲ್ಲಿಸುವುದು ನಮ್ಮನ್ನು. ಮೇಲಿನಿಂದ ಕೆಳಕ್ಕೆ ಕೆಡವಿಕೊಂಡು ಬರಬೇಕು, ಯಾವ ಕಂಬ ಏನನ್ನು ಹೊತ್ತಿದೆ ಅಂತ ತಿಳಿದವರು ಮೊದಲೇ ಗುರುತು ಹಾಕಿರಬೇಕು.

ಇಷ್ಟೆಲ್ಲ ಆ ಕ್ಷಣಕ್ಕೆ ಕೊಲ್ಲುವ ಅಪಾಯಗಳು. ಮೆಲ್ಲಗೆ ಕೊಲ್ಲುವುದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ಬೆಳಗಿನ ಚಳಿಯಲ್ಲಿ ಬೆರಳ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ. ಜುಮ್ ಅನ್ನುತ್ತೆ. ಆಮೇಲೆ ಅಂಗಿ ಗುಂಡಿ ಹಾಕಿಕೊಳ್ಳಲು ಆಗಲ್ಲ, ಕೈಯಲ್ಲಿ ಲೋಟ ನಿಲ್ಲಲ್ಲ. ವಯಸ್ಸಾಯಿತು ಅಂದುಕೊಳ್ಳುತ್ತಾರೆ, ಮೂವತ್ತೈದಕ್ಕೇ! ಇದು ಅದುರುವಿಕೆಯ ರೋಗ. ಬೆರಳಿನ ರಕ್ತನಾಳ, ನರ ಎರಡೂ ಹಾಳಾಗುತ್ತವೆ. ಹೊಸ ಸುದ್ದಿಯೇನಲ್ಲ. ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಗಾಳಿ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕೆತ್ತುತ್ತಿದ್ದವರ ಬೆಳ್ಳಗಾದ ಬೆರಳುಗಳನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಪರೀಕ್ಷಿಸಿ 1918ರಲ್ಲೇ ವರದಿ ಬರೆದಿದ್ದಾರೆ. ಯೂರೋಪಿನವರು 2002ರಲ್ಲಿ ಇದಕ್ಕೆ ಕಾನೂನಿನ ಅಳತೆ ಕಟ್ಟಿದರು. ಎಂಟು ಗಂಟೆಯ ಸರಾಸರಿಯಲ್ಲಿ ಅದುರುವಿಕೆ 5 ದಾಟಬಾರದು, 2.5 ದಾಟುತ್ತಿದ್ದಂತೆ ಮಾಲೀಕ ಕ್ರಮ ಕೈಗೊಳ್ಳಬೇಕು. ಮಿಷನ್ನಿನ ಅಂಕಿ ಸಾಮಾನ್ಯವಾಗಿ ಅದರ ಪುಸ್ತಕದಲ್ಲಿ ಇರುತ್ತೆ. ಗಣಿತದ ಗೆಳೆಯರು ಲೆಕ್ಕ ಹಾಕಿ ನೋಡಿ: ಅಂಕಿ 10 ಇದ್ದರೆ ದಿನಕ್ಕೆ ಎರಡೇ ಗಂಟೆ. 15 ಇದ್ದರೆ 53 ನಿಮಿಷ. 20 ಆದರೆ ಅರ್ಧ ಗಂಟೆ, ಅಷ್ಟೇ. ನಮ್ಮವನು ಬೆಳಗಿನಿಂದ ಸಂಜೆವರೆಗೆ ಹಿಡಿದೇ ಇರುತ್ತಾನೆ. ಯೂರೋಪಿನವನ ಬೆರಳಿನಲ್ಲಿ ಹರಿಯುವುದು ರಕ್ತ, ನಮ್ಮ ಬೆರಳಿನಲ್ಲಿ ಹರಿಯುವುದು ಏನು? ಒಂದು ಮಿಷನ್ನಿಗೆ ಮೂರು ಜನ ಇರಬೇಕು, ಸರದಿ ಮೇಲೆ ಹಿಡಿಯಬೇಕು, ಮೂವರಿಗೂ ಪೂರ್ತಿ ಕೂಲಿ ಕೊಡಬೇಕು. ಕೇಳಬೇಕಾದದ್ದು ಇದು. ಕೈಚೀಲ ಹಾಕಿಕೊಂಡರೆ ಅದುರುವುದು ನಿಲ್ಲುತ್ತೆ ಅನ್ನುವುದನ್ನು ನಂಬಬೇಡಿ. ಕೈ ಬೆಚ್ಚಗಿರಲು, ಕೈ ತರಚದಿರಲು ಅದು ಸರಿ, ಅಷ್ಟೇ. ಕಿವಿಯ ಲೆಕ್ಕವೂ ಹೀಗೇ. 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ತಡೆಯಬಹುದಾದರೆ 100 ಡೆಸಿಬೆಲ್ಲಿಗೆ ಹದಿನೈದು ನಿಮಿಷ ಮಾತ್ರ. ಕಿವಿಗೆ ಹತ್ತಿ ತುರುಕಿದರೆ ಸಾಲದು, ಅದಕ್ಕೆಂದೇ ಮಾಡಿದ ಮುಚ್ಚಳ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಧೂಳು. ಟವೆಲ್ಲು ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಕೊಲ್ಲುವ ಧೂಳು ಕಾಣುವುದಿಲ್ಲ. ಮರಳು, ಜಲ್ಲಿ, ಕಾಂಕ್ರೀಟಿನೊಳಗಿನ ಸಿಲಿಕಾ ಪುಪ್ಪುಸದ ತಳಕ್ಕೆ ಇಳಿದು ಗಾಯ ಮಾಡುತ್ತೆ, ಗಾಯ ಕಲ್ಲಾಗುತ್ತೆ. ಸಿಲಿಕೋಸಿಸ್ ಅನ್ನುತ್ತಾರೆ. ಇದಕ್ಕೆ ವಾಸಿಮಾಡುವ ಮದ್ದಿಲ್ಲ. ಬೆನ್ನಿಗೇ ಕ್ಷಯ ಬರುತ್ತೆ. ‘ಟಿ.ಬಿ. ಬಂದು ಸತ್ತ’ ಅಂತ ಕೇರಿಯಲ್ಲಿ ನಾವು ಮಣ್ಣು ಮಾಡಿದವರಲ್ಲಿ ಕಲ್ಲಿನ ಧೂಳು ಕುಡಿದವರು ಎಷ್ಟು ಜನವೋ!

ಪಶ್ಚಿಮ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗದ ಕಥೆಯನ್ನು ಹಾಸ್ಟೆಲ್ಲಿನ ಪ್ರತಿ ಕೋಣೆಯಲ್ಲೂ ಓದಬೇಕು. 1930ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ವಿದ್ಯುತ್ತಿಗಾಗಿ ಬೆಟ್ಟ ಕೊರೆದರು. ಬೆಟ್ಟದ ತುಂಬ ಸಿಲಿಕಾ. ಕೊರೆದವರಲ್ಲಿ ಬಹುಪಾಲು ದಕ್ಷಿಣದಿಂದ ಹೊಟ್ಟೆಪಾಡಿಗೆ ಬಂದ ಕರಿಯ ಕಾರ್ಮಿಕರು. ಬೇಗ ಮುಗಿಯಲಿ ಅಂತ ನೀರು ಹಾಕದೆ ಒಣಗಲ್ಲು ಕೊರೆಸಿದರು, ಮಾಸ್ಕು ಕೊಡಲಿಲ್ಲ. ಸತ್ತವರು 109 ಎಂದು ಒಪ್ಪಿಕೊಂಡರು. 1936ರಲ್ಲಿ ಅಲ್ಲಿನ ಸಂಸತ್ತಿನ ವಿಚಾರಣೆಯಲ್ಲಿ ಹೊರಬಂದ ಸಂಖ್ಯೆ 476. ಬಿಳಿಯರ ಸ್ಮಶಾನದಲ್ಲಿ ಜಾಗವಿಲ್ಲದ್ದಕ್ಕೆ ಎಷ್ಟೋ ಜನರನ್ನು ಹೊಲದಲ್ಲಿ ಹೂತರು. ನಮಗೆ ಈ ಮಾತು ಅರ್ಥವಾಗುವಷ್ಟು ಬೇರೆ ಯಾರಿಗೆ ಅರ್ಥವಾದೀತು? ಅದೇ ಕಂಪನಿಯ ಹೆಸರನ್ನು 1984ರಲ್ಲಿ ನಮ್ಮ ದೇಶ ಭೋಪಾಲದಲ್ಲಿ ಕೇಳಿತು.

ಅಮೆರಿಕ ತನಕ ಯಾಕೆ, ನಮ್ಮ ಕೋಲಾರವೇ ಇದೆಯಲ್ಲ. ಚಿನ್ನದ ಗಣಿಗೆ ಇಳಿದ ನಮ್ಮ ಜನರ ಎದೆಯಲ್ಲಿ ಇದೇ ರೋಗ ಇದೆ ಅಂತ 1940ರ ದಶಕದಲ್ಲೇ ವರದಿಯಾಗಿತ್ತು. 2001ರಲ್ಲಿ ಗಣಿ ಮುಚ್ಚಿತು.

ತಪ್ಪಿಸುವ ದಾರಿ ಎಷ್ಟು ಅಗ್ಗ ಗೊತ್ತೇ? ನೀರು. ಉಳಿಯ ತುದಿಗೆ ಸಣ್ಣಗೆ ನೀರು ಚಿಮುಕುತ್ತಿದ್ದರೆ ಧೂಳು ಹುಟ್ಟಿದಲ್ಲೇ ಕೂರುತ್ತೆ. ಮಿಷನ್ನಿನ ಮೇಲೆ ಸುರಿಯುವುದಲ್ಲ, ತುದಿಗೆ ಮಾತ್ರ. ಆ ಆರ್‌ಸಿಸಿಬಿ ಬೇಕೇ ಬೇಕು ಅಂದದ್ದು ಇದಕ್ಕೂ ಸೇರಿ. ನೀರಾಗದ ಕಡೆ ಉಳಿಯ ಬುಡದಲ್ಲೇ ಧೂಳು ಹೀರುವ ಮಿಷನ್ನು ಬೇಕು. ಅಮೆರಿಕ 2016ರಲ್ಲಿ ಇವೆರಡರಲ್ಲಿ ಒಂದನ್ನು ನಿಯಮದಲ್ಲೇ ಬರೆಯಿತು. ಬಾಗಿಲು ಮುಚ್ಚಿದ ಒಳಗಿನ ಕೆಲಸಕ್ಕೆ ನೀರಿನ ಜೊತೆ ಮಾಸ್ಕೂ ಇರಲೇಬೇಕು ಅಂದಿತು. ಎನ್-95 ಮಾಸ್ಕು ಮುಖಕ್ಕೆ ಅಂಟಿ ಕೂರಬೇಕು, ಗಡ್ಡದ ಮೇಲೆ ಕೂರಲ್ಲ. (ಕ್ರಾಂತಿಕಾರಿ ಗಡ್ಡದ ಗೆಳೆಯರು ಕ್ಷಮಿಸಬೇಕು.) ಧೂಳಿನ ಬಟ್ಟೆಯಲ್ಲಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಬೇಡಿ.

ಸಂಘಟನೆಯ ಹಿರಿಯರು ಕೆಲವರು ಕೇಳುತ್ತಾರೆ: ಭೂಮಿ ಇದೆ, ದೌರ್ಜನ್ಯ ಇದೆ, ಮೀಸಲಾತಿ ಇದೆ, ಇದರ ಮಧ್ಯೆ ಬ್ರೇಕರ್ ಮಿಷನ್ನು ಎಂಥಾ ಚಳವಳಿ? ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. 1943ರ ಡಿಸೆಂಬರಿನಲ್ಲಿ ಧನಬಾದಿನ ಕಡೆ ಕಲ್ಲಿದ್ದಲ ಗಣಿಯೊಳಕ್ಕೆ ತಾವೇ ಇಳಿದರು. ಕಡತ ನೋಡಿ ಸಹಿ ಹಾಕಿ ಸುಮ್ಮನಿರಬಹುದಿತ್ತಲ್ಲ, ಇಳಿದರು. ಇದಕ್ಕಿಂತ ಬೇರೆ ಉತ್ತರ ನಮ್ಮ ಹತ್ತಿರ ಇಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. 1998ರ ಕೇಂದ್ರ ನಿಯಮಗಳಲ್ಲಿ ಕಟ್ಟಡ ಕೆಡವುವುದಕ್ಕೆಂದೇ ಒಂದು ಅಧ್ಯಾಯ ಇತ್ತು. ಆ ಕಾಯ್ದೆಯನ್ನು ನುಂಗಿಕೊಂಡ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರವೂ ರಕ್ಷಣೆಯ ಸಾಮಾನಿಗೆ ಕೂಲಿಯಲ್ಲಿ ಒಂದು ಪೈಸೆ ಹಿಡಿಯುವಂತಿಲ್ಲ. ‘ಮಾಸ್ಕಿನ ದುಡ್ಡು ಕಟ್’ ಅನ್ನುವ ಮೇಸ್ತ್ರಿಗೆ ಇದನ್ನು ಓದಿ ಹೇಳಿ. 1948ರ ಫ್ಯಾಕ್ಟರಿ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು, ಶಬ್ದಕ್ಕೆ ಕಿವುಡಾಗುವುದೂ ಇತ್ತು. ಬೆರಳು ಬೆಳ್ಳಗಾಗುವ ರೋಗ ಇರಲಿಲ್ಲ. ಪಟ್ಟಿ ಬರೆದವರ ಬೆರಳು ಎಂದೂ ಬೆಳ್ಳಗಾಗಿರಲಿಲ್ಲ ಅಂತ ಕಾಣುತ್ತೆ.

ರಜಕ್ಕೆ ಊರಿಗೆ ಹೋಗುವವರು, ಕೆಲಸಕ್ಕೆ ಹೋಗುವವರು ಇಷ್ಟು ಮಾಡಿ. ಅಣ್ಣ, ಮಾವ, ಭಾವ ಹಿಡಿಯುವ ಮಿಷನ್ನಿನ ಹೆಸರು, ನಂಬರು ಬರೆದುಕೊಳ್ಳಿ. ಅದರ ಪುಸ್ತಕ ಹುಡುಕಿ, ಕನ್ನಡದಲ್ಲಿ ಜಗಲಿ ಮೇಲೆ ಕೂತು ಜೋರಾಗಿ ಓದಿ. ಹದಿನೆಂಟು ತುಂಬದ ಪಿ.ಯು. ಹುಡುಗರು ಇದನ್ನು ಮುಟ್ಟಲೇಬಾರದು. ಯಾರ ಬೆರಳಾದರೂ ಬೆಳ್ಳಗಾಗುತ್ತಿದ್ದರೆ, ಯಾರಿಗಾದರೂ ಒಣಕೆಮ್ಮು, ಏದುಸಿರು ಬಿಡದಿದ್ದರೆ ಜೊತೆಗೆ ಹೋಗಿ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ‘ಬೀಡಿ ಸೇದ್ತೀಯಾ’ ಅಂತ ಡಾಕ್ಟರು ಕೇಳುತ್ತಾರೆ. ಹೌದೋ ಅಲ್ಲವೋ ಹೇಳಿ. ಆಮೇಲೆ ಕೇಳದಿದ್ದರೂ ಹೇಳಿ: ಇವರು ಇಷ್ಟು ವರ್ಷ ಬ್ರೇಕರ್ ಹಿಡಿದಿದ್ದಾರೆ, ನೀರು ಹಾಕದೆ ಕಾಂಕ್ರೀಟು ಒಡೆದಿದ್ದಾರೆ. ಅದನ್ನು ಚೀಟಿಯಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.